ಸಾರ್ವಜನಿಕ ಹಣ ಹೋದಲ್ಲಿಗೆ ಸಂಬಳದ ಹೊಣೆಯೂ ಹೋಗಬೇಕು: ಮೈಸೂರು ನಗರದ ಖಾಸಗಿ ಶಾಲಾ ಶಿಕ್ಷಕರ ಹಕ್ಕೊತ್ತಾಯ ಪತ್ರ

ಗೆ,
ಪ್ರಧಾನ ಕಾರ್ಯದರ್ಶಿಗಳು,
ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಮೂಲಕ: ಜಿಲ್ಲಾಧಿಕಾರಿಗಳು, ಮೈಸೂರು ಜಿಲ್ಲೆ, ಉಪನಿರ್ದೇಶಕರು (ಆಡಳಿತ), ಶಾಲಾ ಶಿಕ್ಷಣ ಇಲಾಖೆ, ಮೈಸೂರು.

ವಿಷಯ: ಖಾಸಗಿ ಅನುದಾನಿತ ಮತ್ತು ಅನುದಾನರಹಿತ ಶಾಲೆಗಳ ಶಿಕ್ಷಕರ ವೇತನ, ಸೇವಾ ಭದ್ರತೆ ಹಾಗೂ ಆ ಶಾಲೆಗಳಿಗೆ ಸಲ್ಲುತ್ತಿರುವ ಸಾರ್ವಜನಿಕ ಹಣದ ಲೆಕ್ಕ.

ಮಾನ್ಯರೇ,

ಮೈಸೂರು ನಗರದ ಉತ್ತರ ಹಾಗೂ ದಕ್ಷಿಣ ವಲಯಗಳ ಖಾಸಗಿ ಶಾಲೆಗಳಲ್ಲಿ ಪಾಠ ಹೇಳುತ್ತಿರುವ ನಾವು ಹಿಂದೆ ಕೊಟ್ಟ ಮನವಿಗಳಿಗೆಲ್ಲ ಸ್ವೀಕೃತಿ ಮೊಹರು ಬಿದ್ದಿದೆ, ಉತ್ತರ ಬಂದಿಲ್ಲ. ಆದ್ದರಿಂದ ಈ ಸಲ ಮನವಿಯ ಬದಲು ಬಾಕಿಯ ಪಟ್ಟಿ ತಂದಿದ್ದೇವೆ. ನಮಗೆ ಸಲ್ಲಬೇಕಾದ್ದೇನು, ಸಲ್ಲಿಸಬೇಕಾದವರು ಯಾರು, ಯಾವ ಗಡುವಿನೊಳಗೆ ಎಂಬುದು ಇದರಲ್ಲಿದೆ.

ಸಂಬಳದ ಮಾತೆತ್ತಿದ ಕೂಡಲೇ ಆಡಳಿತ ಮಂಡಳಿಗಳು ಮಾರುಕಟ್ಟೆಯತ್ತ ಕೈ ತೋರಿಸುತ್ತವೆ. ಬಿ.ಇಡಿ. ಮುಗಿಸಿದವರು ಬೇಕಾದಷ್ಟು ಜನ ಹೊರಗೆ ಕಾಯುತ್ತಿದ್ದಾರೆ, ಒಪ್ಪಿಗೆಯಾದರೆ ಇರಿ, ಇಲ್ಲವಾದರೆ ಬಿಡಿ ಎನ್ನುತ್ತವೆ. ಇದು ಶಿಕ್ಷಕರನ್ನು ತಯಾರು ಮಾಡುವುದಕ್ಕೇ ಹೆಸರಾದ ಊರು. 1916ರಿಂದ ವಿಶ್ವವಿದ್ಯಾನಿಲಯ, 1963ರಿಂದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇಲ್ಲಿವೆ. ಓದಿದವರು ಹೆಚ್ಚಿರುವುದು ಊರಿಗೆ ಭಾಗ್ಯವಾಗಬೇಕಿತ್ತು. ನಮ್ಮ ಸಂಬಳ ಇಳಿಸಲು ನೆಪವಾಗಿದೆ. ಇದೇ ಆಡಳಿತ ಮಂಡಳಿಗಳು ಆದಾಯ ತೆರಿಗೆ ವಿನಾಯಿತಿ ಪಡೆಯುವಾಗ ಧರ್ಮಾರ್ಥ ಸಂಸ್ಥೆಗಳು, ಬಡಾವಣೆಯಲ್ಲಿ ನಾಗರಿಕ ಸೌಲಭ್ಯ ನಿವೇಶನ ಕೇಳುವಾಗ ಸೇವಾ ಸಂಸ್ಥೆಗಳು. ತಿಂಗಳ ಕೊನೆಯಲ್ಲಿ ಮಾತ್ರ ಅವು ಮಾರುಕಟ್ಟೆಗೆ ಸೇರಿಬಿಡುತ್ತವೆ.

ಇದು ಮಾರುಕಟ್ಟೆಯೂ ಅಲ್ಲ. ಬೆಲೆ ಒಪ್ಪದವನು ಎದ್ದು ಹೋಗಬಲ್ಲ ಜಾಗಕ್ಕೆ ಮಾರುಕಟ್ಟೆ ಎನ್ನಬಹುದು. ಮೂಲ ಅಂಕಪಟ್ಟಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡ ಶಾಲೆಯಿಂದ ಯಾರೂ ಎದ್ದು ಹೋಗಲಾರರು. ನಮ್ಮಲ್ಲಿ ಅನೇಕರ ಪಾಸ್‌ಬುಕ್ ತೆರೆದು ನೋಡಿದರೆ ವ್ಯವಹಾರ ತಾನಾಗಿ ತಿಳಿಯುತ್ತದೆ: ಒಂದು ಸಾಲಿನಲ್ಲಿ ಸಂಬಳ ಜಮೆ, ಅದರ ಕೆಳಗೆ, ಮರುದಿನವೋ ಅದರ ಮರುದಿನವೋ, ಎಟಿಎಂನಿಂದ ತೆಗೆದ ಇಡಿಗಂಟಿನ ಮೊತ್ತ. ಆ ನಗದು ಮತ್ತೆ ಶಾಲೆಯ ಕಚೇರಿಗೇ ಹೋಗುತ್ತದೆ. ಜಮೆಗೆ ದಾಖಲೆ ಇದೆ, ಹಿಂದಿರುಗಿಸಿದ್ದಕ್ಕೆ ರಸೀದಿ ಇಲ್ಲ. ತಪಾಸಣೆಗೆ ಬಂದವರು ಮೊದಲ ಸಾಲನ್ನು ಓದಿ ಸಹಿ ಹಾಕಿ ಹೋಗುತ್ತಾರೆ.

ಕಾನೂನು ನಮ್ಮನ್ನು ಎಲ್ಲಿ ನಿಲ್ಲಿಸಿದೆ ಎಂಬುದು ತಮಗೆ ಗೊತ್ತಿದೆ. ಶಿಕ್ಷಕರು ಆಗಿನ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ಹೇಳಿತು. ಆಗಿನ ಕನಿಷ್ಠ ವೇತನ ಕಾಯ್ದೆಯೊಳಗೂ ಅವರು ಬರುವುದಿಲ್ಲ ಎಂದು 1996ರಲ್ಲಿ ಹೇಳಿತು. ಶಾಲೆಯ ಅಂಗಳ ಗುಡಿಸುವವರಿಗೆ ಇರುವ ಕನಿಷ್ಠ ವೇತನದ ರಕ್ಷಣೆ ಅದೇ ಶಾಲೆಯ ಗಣಿತ ಶಿಕ್ಷಕಿಗೆ ಇಲ್ಲವಾಯಿತು. ಇನ್ನೊಂದು ಕಡೆ, ಕರ್ನಾಟಕದಿಂದಲೇ ಹೋದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಅನುದಾನರಹಿತ ಸಂಸ್ಥೆಗಳಿಗೆ ಶುಲ್ಕ ನಿಗದಿಯ ಸ್ವಾತಂತ್ರ್ಯ ಕೊಟ್ಟಿತು, ಲಾಭಕೋರತನ ಸಲ್ಲದೆಂಬ ಷರತ್ತನ್ನೂ ಹಾಕಿತು. ಸ್ವಾತಂತ್ರ್ಯ ಜಾರಿಯಲ್ಲಿದೆ, ಷರತ್ತು ಕಡತದಲ್ಲಿದೆ. 2023ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಅನುದಾನರಹಿತ ಶಾಲೆಗಳಿಗೆ ಅನ್ವಯಿಸುವಂತೆ ಕರ್ನಾಟಕ ಶಿಕ್ಷಣ ಕಾಯ್ದೆಯ ಶುಲ್ಕ ನಿಯಂತ್ರಣದ ಕಲಮುಗಳನ್ನೂ ರದ್ದುಪಡಿಸಿತು. ಇವತ್ತಿನ ಸ್ಥಿತಿ ಇಷ್ಟು: ಶುಲ್ಕಕ್ಕೆ ಮೇಲ್ಮಿತಿ ಇಲ್ಲ, ಸಂಬಳಕ್ಕೆ ಕೆಳಮಿತಿ ಇಲ್ಲ.

ಆ ಕೆಳಮಿತಿಯನ್ನು ಹಾಕುವ ಅಧಿಕಾರ ತಮ್ಮ ಕೈಯಲ್ಲೇ ಇದೆ. 1995ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ಖಾಸಗಿ ಸಂಸ್ಥೆಗಳ ನೌಕರರ ಸೇವಾ ಷರತ್ತುಗಳಿಗೆಂದೇ ಒಂದು ಅಧ್ಯಾಯವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 23ನೇ ಕಲಮಿನ 3ನೇ ಉಪಕಲಮು ಶಿಕ್ಷಕರ ವೇತನ, ಭತ್ಯೆ ಮತ್ತು ಸೇವಾ ಷರತ್ತುಗಳು ನಿಯಮಗಳಲ್ಲಿ ಗೊತ್ತುಪಡಿಸಿದಂತೆ ಇರತಕ್ಕದ್ದು ಎನ್ನುತ್ತದೆ. ಅದೇ ಕಾಯ್ದೆ ನಮ್ಮ ವಿದ್ಯಾರ್ಹತೆಯನ್ನು, ಕರ್ತವ್ಯವನ್ನು, ತರಗತಿಯ ಗಾತ್ರವನ್ನು ಗೊತ್ತುಪಡಿಸಿದೆ. ನಾವು ಮನೆಪಾಠ ಹೇಳಕೂಡದೆಂದೂ ವಿಧಿಸಿದೆ. ಹೊರಗೆ ದುಡಿಯುವ ದಾರಿಯನ್ನು ಕಾನೂನು ಮುಚ್ಚಿದ ಮೇಲೆ ಒಳಗಿನ ದುಡಿಮೆಗೆ ತಕ್ಕ ಸಂಬಳ ಕೊಡಿಸುವುದೂ ಕಾನೂನಿನ ಕೆಲಸವೇ. ಎಲ್ಲ ಬಗೆಯ ಆಡಳಿತಗಳ ಶಾಲೆಗಳಲ್ಲೂ ಶಿಕ್ಷಕರಿಗೆ ಒಂದೇ ವೇತನ ಇರಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಶಿಫಾರಸು ಮಾಡಿತ್ತು. ದೆಹಲಿಯಲ್ಲಿ 1973ರ ಶಾಲಾ ಶಿಕ್ಷಣ ಕಾಯ್ದೆಯ 10ನೇ ಕಲಮು ಮಾನ್ಯತೆ ಪಡೆದ ಖಾಸಗಿ ಶಾಲೆಯ ಶಿಕ್ಷಕರಿಗೆ ಸರ್ಕಾರಿ ಶಾಲೆಯವರಿಗಿಂತ ಕಡಿಮೆ ಕೊಡಕೂಡದೆಂದು ವಿಧಿಸಿದೆ. ದೆಹಲಿಯ ಶಿಕ್ಷಕರಿಗೆ ಅರ್ಧ ಶತಮಾನದಿಂದ ಇರುವ ಹಕ್ಕು ಮೈಸೂರಿನವರಿಗೆ ಇಲ್ಲದಿರಲು ಯಾವ ಕಾರಣವೂ ಇಲ್ಲ.

ನಮ್ಮ ಹಕ್ಕೊತ್ತಾಯಗಳು ಹೀಗಿವೆ.

ಅ. ವೇತನ

1. ಶಿಕ್ಷಣ ಹಕ್ಕು ಕಾಯ್ದೆ ಮತ್ತು ಕರ್ನಾಟಕ ಶಿಕ್ಷಣ ಕಾಯ್ದೆಗಳಡಿ ನಿಯಮ ರೂಪಿಸಿ, ಮಾನ್ಯತೆ ಪಡೆದ ಪ್ರತಿಯೊಂದು ಖಾಸಗಿ ಶಾಲೆಯ ಶಿಕ್ಷಕರಿಗೂ ಅದೇ ದರ್ಜೆಯ ಸರ್ಕಾರಿ ಶಿಕ್ಷಕರ ಆರಂಭಿಕ ಮೂಲವೇತನ ಮತ್ತು ತುಟ್ಟಿಭತ್ಯೆಗೆ ಕಡಿಮೆಯಾಗದ ಸಂಬಳವನ್ನು ಕಡ್ಡಾಯಗೊಳಿಸಬೇಕು.

2. ಆ ನಿಯಮ ಜಾರಿಗೆ ಬರುವವರೆಗೆ, 7ನೇ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಸರ್ಕಾರಿ ಸೇವೆಯ ಅತ್ಯಂತ ಕೆಳಗಿನ ಹುದ್ದೆಗೆ ನಿಗದಿಯಾಗಿರುವ 27,000 ರೂಪಾಯಿಗಿಂತ ಕಡಿಮೆ ಸಂಬಳಕ್ಕೆ ಯಾವ ತರಬೇತಾದ ಶಿಕ್ಷಕರನ್ನೂ ದುಡಿಸಿಕೊಳ್ಳಕೂಡದೆಂದು 90 ದಿನಗಳೊಳಗೆ ಆದೇಶ ಹೊರಡಿಸಬೇಕು.

3. ವರ್ಷಕ್ಕೆ 12 ತಿಂಗಳ ಸಂಬಳ ಕೊಡಬೇಕು.

4. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸೇವೆಯಿಂದ ಬಿಟ್ಟಂತೆ ಮಾಡಿ ಜೂನ್‌ನಲ್ಲಿ ಹೊಸದಾಗಿ ಸೇರಿಸಿಕೊಂಡಂತೆ ತೋರಿಸುವ ಪದ್ಧತಿಯನ್ನು ಸೇವಾ ಭಂಗವೆಂದು ಪರಿಗಣಿಸದೆ, ನಿರಂತರ ಸೇವೆಯೆಂದೇ ಲೆಕ್ಕ ಹಿಡಿಯಬೇಕು.

5. ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಸಂಬಳ ಬ್ಯಾಂಕ್ ಖಾತೆಗೆ ಜಮೆಯಾಗಬೇಕು ಮತ್ತು ಕಡಿತಗಳ ವಿವರವುಳ್ಳ ವೇತನ ಚೀಟಿ ಕೈಗೆ ಸಿಗಬೇಕು.

6. ಜಮೆಯಾದ ಸಂಬಳದ ಯಾವುದೇ ಪಾಲನ್ನು ನಗದಾಗಿ ಮರಳಿ ಪಡೆಯುವ ಆಡಳಿತ ಮಂಡಳಿಯ ಮೇಲೆ ಮೊಕದ್ದಮೆ ಹೂಡಿ, ಶಾಲೆಯ ಮಾನ್ಯತೆ ರದ್ದತಿಗೆ ನೋಟಿಸ್ ಕೊಡಬೇಕು.

7. ಹಾಗೆ ಮರಳಿ ಪಡೆದ ಹಣವನ್ನು ಹಿಂದಿನ ಮೂರು ವರ್ಷಗಳ ಮಟ್ಟಿಗಾದರೂ ಲೆಕ್ಕ ಹಾಕಿ ಶಿಕ್ಷಕರಿಗೆ ಬಡ್ಡಿಸಹಿತ ಕೊಡಿಸಬೇಕು.

8. ಎಲ್‌ಕೆಜಿ, ಯುಕೆಜಿ ಶಿಕ್ಷಕಿಯರನ್ನು ಆಯಾ, ಸಹಾಯಕಿ ಎಂಬ ಹೆಸರಿನಲ್ಲಿ ದಾಖಲಿಸಿ ಕಡಿಮೆ ಸಂಬಳ ಕೊಡುವುದು ನಿಲ್ಲಬೇಕು.

9. ವಾರ್ಷಿಕ ವೇತನ ಬಡ್ತಿಯು ಆಡಳಿತ ಮಂಡಳಿಯ ಮರ್ಜಿಗೆ ಬಿಟ್ಟದ್ದಾಗದೆ ಸೇವಾ ಪುಸ್ತಕದಲ್ಲಿ ದಾಖಲಾಗುವ ಹಕ್ಕಾಗಬೇಕು.

ಇಲ್ಲಿ ಸರ್ಕಾರ ತನ್ನ ಕಡೆಗೂ ತಿರುಗಿ ನೋಡಿಕೊಳ್ಳಬೇಕು. ನಮ್ಮ ಸಂಬಳದ ದರ ಇಳಿಸಿದ್ದರಲ್ಲಿ ಆಡಳಿತ ಮಂಡಳಿಗಳಷ್ಟೇ ಪಾಲು ಇಲಾಖೆಯದೂ ಇದೆ. ಸರ್ಕಾರಿ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 10,000 ಇದ್ದದ್ದನ್ನು 2025ರ ಬಜೆಟ್ಟಿನಲ್ಲಿ 2,000 ಏರಿಸಿ ಉಪಕಾರ ಮಾಡಿದಂತೆ ಘೋಷಿಸಲಾಯಿತು. ಅದೇ ತರಗತಿ, ಅದೇ ಪಠ್ಯ, ಅದೇ ಹಾಜರಿ ಪುಸ್ತಕ, ಆದರೆ ಪಕ್ಕದ ಕೊಠಡಿಯ ಕಾಯಂ ಶಿಕ್ಷಕರ ಸಂಬಳದ ಹತ್ತಿರಕ್ಕೂ ಆ ಗೌರವಧನ ಬರುವುದಿಲ್ಲ. ಸಮಾನ ಕೆಲಸಕ್ಕೆ ಸಮಾನ ವೇತನದ ತತ್ವ ತಾತ್ಕಾಲಿಕ ನೌಕರರಿಗೂ ಅನ್ವಯಿಸುತ್ತದೆಂದು ಪಂಜಾಬ್ ಸರ್ಕಾರದ ವಿರುದ್ಧದ ಜಗಜಿತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರ ಅಕ್ಟೋಬರ್‌ನಲ್ಲೇ ತೀರ್ಪು ಕೊಟ್ಟಿದೆ. ಸರ್ಕಾರವೇ 12,000ಕ್ಕೆ ಶಿಕ್ಷಕರನ್ನು ದುಡಿಸಿಕೊಳ್ಳುವಾಗ ಖಾಸಗಿ ಶಾಲೆ ಅದಕ್ಕಿಂತ ಕಡಿಮೆ ಕೊಡಲು ಹಿಂಜರಿಯುವುದಿಲ್ಲ. ಸಂದರ್ಶನದ ಕೊಠಡಿಯಲ್ಲಿ ಆ ಅಂಕಿಯನ್ನೇ ನಮ್ಮ ಮುಂದೆ ಇಡುತ್ತಾರೆ.

10. ಸರ್ಕಾರಿ ಶಾಲೆಗಳ ಅತಿಥಿ ಶಿಕ್ಷಕರಿಗೆ ಅದೇ ಹುದ್ದೆಯ ಆರಂಭಿಕ ಮೂಲವೇತನವನ್ನು ರಜೆಯ ತಿಂಗಳುಗಳೂ ಸೇರಿದಂತೆ ಕೊಡಬೇಕು.

11. ಮಂಜೂರಾದ ಕಾಯಂ ಹುದ್ದೆಗಳನ್ನು ಖಾಲಿ ಬಿಟ್ಟು ಅತಿಥಿ ಶಿಕ್ಷಕರಿಂದ ವರ್ಷಗಟ್ಟಲೆ ತೂಗಿಸುವ ಪದ್ಧತಿಗೆ ಕೊನೆ ಹಾಡುವ ನೇಮಕಾತಿ ವೇಳಾಪಟ್ಟಿಯನ್ನು ಪ್ರಕಟಿಸಬೇಕು.

ಆ. ಸಾರ್ವಜನಿಕ ಹಣ

ಅನುದಾನರಹಿತ ಎಂಬ ಮಾತಿಗೆ ಸಾರ್ವಜನಿಕ ಹಣ ಮುಟ್ಟದ ಶಾಲೆ ಎಂಬ ಅರ್ಥ ಬಂದುಬಿಟ್ಟಿದೆ. ಅಂಥ ಶಾಲೆ ಈ ನಗರದಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಬಿಟ್ಟುಕೊಟ್ಟ ಆದಾಯ ತೆರಿಗೆ ಸಾರ್ವಜನಿಕ ಹಣ. ವಿದ್ಯಾರ್ಥಿಗಳಿಂದ ಪಡೆಯುವ ಶುಲ್ಕದ ಮೇಲೆ 2017ರಿಂದ ಹಾಕದೆ ಬಿಟ್ಟ ಜಿಎಸ್‌ಟಿ ಸಾರ್ವಜನಿಕ ಹಣ. ನಗರಾಭಿವೃದ್ಧಿ ಪ್ರಾಧಿಕಾರ ಬಡಾವಣೆಯ ಎಲ್ಲರಿಗಾಗಿ ಮೀಸಲಿಟ್ಟು ಶಾಲೆಗೆ ಗುತ್ತಿಗೆ ಕೊಟ್ಟ ನಿವೇಶನ ಸಾರ್ವಜನಿಕ ಆಸ್ತಿ. ಇವೆಲ್ಲಕ್ಕಿಂತ ನೇರವಾದದ್ದು ಶಿಕ್ಷಣ ಹಕ್ಕು ಕಾಯ್ದೆಯ 12ನೇ ಕಲಮಿನಡಿ ಶೇ 25ರ ಮೀಸಲು ಸೀಟುಗಳಿಗೆ ಸರ್ಕಾರ ಕಟ್ಟಿಕೊಡುವ ಶುಲ್ಕ ಮರುಪಾವತಿ. ಕರ್ನಾಟಕದಲ್ಲಿ ಇದು 2012-13ರಿಂದ ಶುರುವಾಯಿತು. ಒಂದು ಮಗುವಿಗೆ ವರ್ಷಕ್ಕೆ 11,848 ರೂಪಾಯಿಯ ಮಿತಿ ಇದ್ದದ್ದು ಮುಂದೆ 16,000ಕ್ಕೆ ಏರಿತು.

ಈ 16,000ದ ಲೆಕ್ಕವನ್ನು ಇಲಾಖೆ ಒಮ್ಮೆ ಕೂತು ಮಾಡಲಿ. ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಎಂಬುದು ಅದೇ ಕಾಯ್ದೆಯ ಮಾನದಂಡ. 30 ಮಕ್ಕಳಿಗೆ ಈ ದರದಲ್ಲಿ ವರ್ಷಕ್ಕೆ 4,80,000, ಅಂದರೆ ತಿಂಗಳಿಗೆ 40,000 ರೂಪಾಯಿ. ಇದರಲ್ಲಿ ಕಟ್ಟಡ, ವಿದ್ಯುತ್ತು, ಕಚೇರಿ ಎಲ್ಲ ಖರ್ಚೂ ಸೇರಿದೆ, ಒಪ್ಪಿದೆವು. ಅರ್ಧವನ್ನು ಅವಕ್ಕೆ ಬಿಟ್ಟರೂ ಶಿಕ್ಷಕರಿಗೆ 20,000 ಉಳಿಯುತ್ತದೆ. ಸರ್ಕಾರಿ ದರಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಶುಲ್ಕ ಪಡೆಯುವ ಶಾಲೆಗಳಲ್ಲಿ ನಮ್ಮವರು ಆ ಅರ್ಧವನ್ನೂ ಕಾಣದೆ ದುಡಿಯುತ್ತಿದ್ದಾರೆ. ಹಣ ಬಂದಿಲ್ಲವೆಂದಲ್ಲ, ನಮ್ಮವರೆಗೆ ತಲುಪಿಲ್ಲ.

12. ತೆರಿಗೆ ವಿನಾಯಿತಿ, ನಾಗರಿಕ ಸೌಲಭ್ಯ (ಸಿಎ) ನಿವೇಶನ, ಶುಲ್ಕ ಮರುಪಾವತಿ, ವೇತನಾನುದಾನ, ಶಾಸಕರ ಮತ್ತು ಸಂಸದರ ನಿಧಿ ಸೇರಿದಂತೆ ಮೈಸೂರು ನಗರದ ಪ್ರತಿಯೊಂದು ಖಾಸಗಿ ಶಾಲೆಗೆ ಸಂದಿರುವ ಸಾರ್ವಜನಿಕ ನೆರವಿನ ಪಟ್ಟಿಯನ್ನು ಶಾಲಾವಾರು ಪ್ರಕಟಿಸಬೇಕು.

13. ಈ ನೆರವುಗಳಲ್ಲಿ ಯಾವುದೊಂದನ್ನು ಪಡೆದ ಶಾಲೆಯೂ ಮೇಲಿನ 1 ಮತ್ತು 2ನೇ ಹಕ್ಕೊತ್ತಾಯಗಳ ವೇತನ ಷರತ್ತಿಗೆ ಒಳಪಡಬೇಕು.

14. ಶಾಲೆಯ ಒಟ್ಟು ಶುಲ್ಕ ಸಂಗ್ರಹದಲ್ಲಿ ಶಿಕ್ಷಕರ ವೇತನಕ್ಕೆ ಸಲ್ಲಬೇಕಾದ ಕನಿಷ್ಠ ಪಾಲನ್ನು ಸರ್ಕಾರ ನಿಗದಿಪಡಿಸಿ, ಲೆಕ್ಕಪರಿಶೋಧಕರ ದೃಢೀಕರಣದೊಂದಿಗೆ ಸೂಚನಾ ಫಲಕದಲ್ಲಿ ಹಾಕಿಸಬೇಕು.

15. ಶುಲ್ಕ ಮರುಪಾವತಿಯ ಕಂತನ್ನು ಬಿಡುಗಡೆ ಮಾಡುವ ಮುನ್ನ ಹಿಂದಿನ ಅವಧಿಯ ಸಂಬಳ ಪೂರ್ತಿ ಪಾವತಿಯಾದ ಬಗ್ಗೆ ಶಿಕ್ಷಕರ ಸಹಿಯುಳ್ಳ ದೃಢೀಕರಣ ಪಡೆಯಬೇಕು.

16. ಮರುಪಾವತಿ ಬಾಕಿಯನ್ನು ತಡಮಾಡಿ, ಸಂಬಳ ಕೊಡದಿರಲು ಆಡಳಿತ ಮಂಡಳಿಗಳಿಗೆ ನೆಪ ಒದಗಿಸುವುದನ್ನು ಇಲಾಖೆ ನಿಲ್ಲಿಸಬೇಕು.

17. ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಮೀಸಲು ಸೀಟಿನ ಹೊಣೆಯಿಲ್ಲವೆಂದು 2019-20ರ ಸಾಲಿನಿಂದ ಜಾರಿಗೆ ತಂದ ತಿದ್ದುಪಡಿಯಿಂದ ಉಳಿದ ಹಣ ಎಷ್ಟು ಮತ್ತು ಅದು ಯಾವ ಸರ್ಕಾರಿ ಶಾಲೆಗೆ ಹೋಯಿತು ಎಂಬ ಲೆಕ್ಕವನ್ನು ಮೈಸೂರಿನ ಮಟ್ಟಿಗೆ ಬಹಿರಂಗಪಡಿಸಬೇಕು.

18. ಸಂಬಳ ಬಾಕಿ ಉಳಿಸಿಕೊಂಡ ಸಂಸ್ಥೆಗೆ ಹೊಸ ನಿವೇಶನ, ಹೊಸ ತರಗತಿಗೆ ಅನುಮತಿ, ಹೊಸ ಶಾಖೆಗೆ ಪರವಾನಗಿ ಕೊಡಕೂಡದು.

19. ಸಿಬಿಎಸ್‌ಇ ಮತ್ತು ಐಸಿಎಸ್‌ಇ ಪಠ್ಯಕ್ರಮದ ಶಾಲೆಗಳು ರಾಜ್ಯದ ನಿರಾಕ್ಷೇಪಣಾ ಪತ್ರ ಪಡೆದೇ ನಡೆಯುವುದರಿಂದ, ವೇತನದ ಷರತ್ತನ್ನು ಆ ಪತ್ರದಲ್ಲೇ ನಮೂದಿಸಬೇಕು.

20. ನಮ್ಮ ವೇತನದ ಹೆಸರಿನಲ್ಲಿ ಸರ್ಕಾರಿ ಶಾಲೆಗೆ ಸಲ್ಲಬೇಕಾದ ಒಂದು ರೂಪಾಯಿಯನ್ನೂ ಕಡಿತಗೊಳಿಸಕೂಡದು.

20ನೆಯದನ್ನು ಒತ್ತಿ ಹೇಳುತ್ತೇವೆ. ನಮ್ಮಲ್ಲಿ ಬಹುಪಾಲು ಜನ ಸರ್ಕಾರಿ ಶಾಲೆಯಲ್ಲೇ ಅಕ್ಷರ ಕಲಿತವರು. ಆ ಶಾಲೆಯ ಸೂರು ಸೋರಿದರೆ ನಮ್ಮ ಸಂಬಳ ಏರುವುದಿಲ್ಲ. ಅಲ್ಲಿಂದ ಎದ್ದು ಬಂದ ಮಕ್ಕಳ ಶುಲ್ಕ ಯಾರ ಕೈ ಸೇರುತ್ತದೆಂಬುದನ್ನು ಮೇಲೆ ಹೇಳಿದ್ದೇವೆ.

ಇ. ಅನುದಾನಿತ ಶಾಲೆಗಳು

1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೆರೆದ ರಾಜಾ ಫ್ರೀ ಸ್ಕೂಲ್, 1881ರಲ್ಲಿ ಅಂಬಿಲ್ ನರಸಿಂಹ ಅಯ್ಯಂಗಾರರು ಹೆಣ್ಣುಮಕ್ಕಳಿಗೆಂದು ಆರಂಭಿಸಿದ ಶಾಲೆ, ಗುರಿಕಾರ ಮರಿಮಲ್ಲಪ್ಪನವರ ದತ್ತಿಯಿಂದ ಹುಟ್ಟಿದ ಶಾಲೆ: ಮೈಸೂರಿನ ವಿದ್ಯೆ ಬೆಳೆದದ್ದು ಅರಸರ, ದಾನಿಗಳ ಮತ್ತು ಸಾರ್ವಜನಿಕ ಖಜಾನೆಯ ಕೂಡು ದುಡಿಮೆಯಿಂದ. ಖಾಸಗಿ ಶಾಲೆಗೆ ಸರ್ಕಾರ ಅನುದಾನ ಕೊಟ್ಟು, ತಪಾಸಣೆಯ ಹಕ್ಕನ್ನು ತನ್ನಲ್ಲಿ ಇಟ್ಟುಕೊಳ್ಳುವ ಪದ್ಧತಿ 1854ರ ವುಡ್ ಅವರ ಶಿಕ್ಷಣ ನಿರೂಪದಿಂದ ಬಂದದ್ದು. ಹಾಗೆ ಕೂಡಿ ಕಟ್ಟಿದ ಅನುದಾನಿತ ಶಾಲೆಗಳಲ್ಲಿ ಈಗ ಶಿಕ್ಷಕರು ಒಬ್ಬೊಬ್ಬರೇ ನಿವೃತ್ತರಾಗುತ್ತಿದ್ದಾರೆ, ಖಾಲಿಯಾದ ಕುರ್ಚಿಗೆ ಆರ್ಥಿಕ ಇಲಾಖೆಯ ಅನುಮತಿ ಬರುವುದಿಲ್ಲ. ಶಿಕ್ಷಕರಿಲ್ಲವೆಂದು ಮಕ್ಕಳು ಬಿಡುತ್ತಾರೆ, ಮಕ್ಕಳಿಲ್ಲವೆಂದು ಅನುದಾನ ತಡೆಯುತ್ತೀರಿ. ಆ ಜಾಗದಲ್ಲಿ ಆಡಳಿತ ಮಂಡಳಿ ತನ್ನ ಖರ್ಚಿನಲ್ಲಿ ಇಟ್ಟುಕೊಂಡ ಶಿಕ್ಷಕರು ಅನುದಾನಿತ ಶಾಲೆಯೊಳಗೇ ಅನುದಾನರಹಿತ ಸಂಬಳಕ್ಕೆ ದುಡಿಯುತ್ತಾರೆ. ಕನ್ನಡ ಮಾಧ್ಯಮದ ಶಾಲೆಗಳಿಗೆ ಪೆಟ್ಟು ಇನ್ನೂ ಜೋರು. ಅವಕ್ಕೆ ಶುಲ್ಕ ಏರಿಸುವ ದಾರಿಯೂ ಇಲ್ಲ. ಮಾರುಕಟ್ಟೆಯ ವಾದವನ್ನು ಒಪ್ಪಿದರೆ ಕನ್ನಡದಲ್ಲಿ ಪಾಠ ಹೇಳುವವರ ಸಂಬಳ ಸೊನ್ನೆಗೆ ಇಳಿಯುತ್ತದೆ, ಆಮೇಲೆ ಶಾಲೆಗೇ ಬೀಗ ಬೀಳುತ್ತದೆ.

21. ನಿವೃತ್ತಿ, ನಿಧನ, ರಾಜೀನಾಮೆಯಿಂದ ತೆರವಾದ ಅನುದಾನಿತ ಬೋಧಕ ಹುದ್ದೆಗಳೆಲ್ಲವನ್ನೂ ತೆರವಾದ ಆರು ತಿಂಗಳೊಳಗೆ ತುಂಬಲು ಸ್ಥಾಯಿ ಅನುಮತಿ ಕೊಡಬೇಕು.

22. ತೆರವಾದ ಹುದ್ದೆಗಳಲ್ಲಿ ಆಡಳಿತ ಮಂಡಳಿಯಿಂದ ನೇಮಕಗೊಂಡು ದುಡಿಯುತ್ತಿರುವ ಅರ್ಹ ಶಿಕ್ಷಕರಿಗೆ ನೇಮಕಾತಿಯಲ್ಲಿ ಮೊದಲ ಆದ್ಯತೆ ಸಿಗಬೇಕು.

23. 1995ರ ನಂತರ ಆರಂಭವಾದ ಕನ್ನಡ ಮಾಧ್ಯಮ ಶಾಲೆಗಳನ್ನು ವೇತನಾನುದಾನಕ್ಕೆ ಒಳಪಡಿಸಬೇಕು.

24. ಶಾಲೆ ಅನುದಾನಕ್ಕೆ ಒಳಪಡುವ ಮುನ್ನ ಸಲ್ಲಿಸಿದ ಸೇವೆಯನ್ನು ವೇತನ ಮತ್ತು ಪಿಂಚಣಿಗೆ ಪರಿಗಣಿಸದಂತೆ ಮಾಡಿದ 2014ರ ಅನುದಾನಿತ ಸಂಸ್ಥೆಗಳ ನೌಕರರ ವೇತನ ನಿಯಂತ್ರಣ ಕಾಯ್ದೆಯನ್ನು ತಿದ್ದುಪಡಿ ಮಾಡಿ ಕಾಲ್ಪನಿಕ ವೇತನ ಬಡ್ತಿಯನ್ನು ಮರಳಿ ಕೊಡಬೇಕು.

25. 2006ರ ಏಪ್ರಿಲ್ 1ರ ನಂತರ ಸೇವೆಗೆ ಸೇರಿ ಪಿಂಚಣಿಯಿಂದ ವಂಚಿತರಾಗಿರುವ ಅನುದಾನಿತ ಶಿಕ್ಷಕರಿಗೆ ಪಿಂಚಣಿ ಕೊಡಬೇಕು, ಮತ್ತು ಪಿಂಚಣಿಯಿಲ್ಲದೆ ಈಗಾಗಲೇ ನಿವೃತ್ತರಾದವರನ್ನೂ, ಸೇವೆಯಲ್ಲಿದ್ದಾಗಲೇ ತೀರಿಕೊಂಡವರ ಕುಟುಂಬಗಳನ್ನೂ ಅದರೊಳಗೆ ತರಬೇಕು.

26. ಸರ್ಕಾರಿ ನೌಕರರಿಗೆ ಇರುವ ನಗದುರಹಿತ ಚಿಕಿತ್ಸೆಯ ಸೌಲಭ್ಯ ಅನುದಾನಿತ ಶಿಕ್ಷಕರಿಗೂ ಸಿಗಬೇಕು.

27. ಮಕ್ಕಳ ಸಂಖ್ಯೆ ಇಳಿದ ಅನುದಾನಿತ ಶಾಲೆಯ ಶಿಕ್ಷಕರನ್ನು ವೇತನ ನಿಲ್ಲಿಸಿ ಮನೆಗೆ ಕಳಿಸದೆ, ನಗರದ ಬೇರೆ ಶಾಲೆಯಲ್ಲಿ ಸೇವಾ ಹಿರಿತನ ಸಹಿತ ಮರುನಿಯೋಜಿಸಬೇಕು.

ಈ. ಸೇವಾ ಭದ್ರತೆ

28. ಹುದ್ದೆ, ವೇತನ, ಅವಧಿ ನಮೂದಿಸಿದ ನೇಮಕಾತಿ ಆದೇಶವನ್ನು ಸೇವೆಗೆ ಸೇರಿದ ದಿನವೇ ಕೊಟ್ಟು, ಅದರ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ದಾಖಲಿಸಬೇಕು.

29. ಶಿಕ್ಷಕರ ಮೂಲ ಅಂಕಪಟ್ಟಿ ಮತ್ತು ಪ್ರಮಾಣಪತ್ರಗಳನ್ನು ಇಟ್ಟುಕೊಂಡಿರುವ ಶಾಲೆಗಳು 15 ದಿನದೊಳಗೆ ಅವನ್ನು ಹಿಂದಿರುಗಿಸುವಂತೆ ಸುತ್ತೋಲೆ ಹೊರಡಿಸಬೇಕು.

30. ದಿನಾಂಕ ಹಾಕದ ರಾಜೀನಾಮೆ ಪತ್ರಕ್ಕೆ ನೇಮಕಾತಿಯ ಹೊತ್ತಿನಲ್ಲೇ ಸಹಿ ಮಾಡಿಸಿಕೊಳ್ಳುವುದನ್ನು ಅಪರಾಧವೆಂದು ಪರಿಗಣಿಸಬೇಕು.

31. ಕರ್ನಾಟಕ ಶಿಕ್ಷಣ ಕಾಯ್ದೆಯ 94ನೇ ಕಲಮಿನಡಿ ವಜಾ ಆದೇಶದ ವಿರುದ್ಧ ಸಲ್ಲಿಸುವ ಮೇಲ್ಮನವಿಗಳನ್ನು ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿ ಆರು ತಿಂಗಳೊಳಗೆ ಇತ್ಯರ್ಥಗೊಳಿಸಲು ಬೇಕಾದ ವ್ಯವಸ್ಥೆ ಮಾಡಬೇಕು, ಮತ್ತು ಅಲ್ಲಿಯವರೆಗೆ ಶಿಕ್ಷಕರಿಗೆ ಜೀವನಾಧಾರ ಭತ್ಯೆ ಕೊಡಿಸಬೇಕು.

32. 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗಿ ಶಿಕ್ಷಕರಿಗೆ ಗ್ರಾಚ್ಯುಟಿ ಕೊಟ್ಟ 2009ರ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2022ರ ಆಗಸ್ಟ್‌ನಲ್ಲಿ ಎತ್ತಿ ಹಿಡಿದಿರುವುದರಿಂದ, ನಿವೃತ್ತರಾದ ಮತ್ತು ಕೆಲಸ ಬಿಟ್ಟ ಅರ್ಹ ಶಿಕ್ಷಕರೆಲ್ಲರ ಗ್ರಾಚ್ಯುಟಿ ಬಾಕಿಯನ್ನು ಬಡ್ಡಿಸಹಿತ ವಸೂಲು ಮಾಡಿಸಬೇಕು.

33. ಭವಿಷ್ಯನಿಧಿಗೆ ಆಡಳಿತ ಮಂಡಳಿ ಕಟ್ಟಬೇಕಾದ ಪಾಲನ್ನೂ ಶಿಕ್ಷಕರ ಸಂಬಳದಿಂದಲೇ ಮುರಿದುಕೊಳ್ಳುವುದು ನಿಲ್ಲಬೇಕು.

34. ಸಿಬ್ಬಂದಿ ಸಂಖ್ಯೆ 20 ದಾಟದಂತೆ ಒಂದೇ ಶಾಲೆಯನ್ನು ಕಾಗದದ ಮೇಲೆ ಎರಡಾಗಿ ಒಡೆದು ಭವಿಷ್ಯನಿಧಿಯಿಂದ ತಪ್ಪಿಸಿಕೊಂಡಿರುವ ಸಂಸ್ಥೆಗಳನ್ನು ಪತ್ತೆ ಹಚ್ಚಬೇಕು.

35. ಖಾಸಗಿ ಶಾಲೆಗಳ ಶಿಕ್ಷಕಿಯರಿಗೆ 26 ವಾರಗಳ ವೇತನಸಹಿತ ಹೆರಿಗೆ ರಜೆ ಅನ್ವಯಿಸುತ್ತದೆಂದು ಕೇರಳ 2020ರಲ್ಲಿ ಮಾಡಿದಂತೆ ಕರ್ನಾಟಕವೂ ಸ್ಪಷ್ಟ ಆದೇಶ ಹೊರಡಿಸಬೇಕು, ಮತ್ತು ಗರ್ಭಿಣಿಯೆಂದು ತಿಳಿದ ಮೇಲೆ ಒಪ್ಪಂದ ನವೀಕರಿಸದಿರುವುದನ್ನು ವಜಾ ಎಂದೇ ಪರಿಗಣಿಸಬೇಕು.

36. ಬೇಸಿಗೆ ರಜೆಯಲ್ಲಿ ಶಿಕ್ಷಕರನ್ನು ಕರಪತ್ರ ಹಿಡಿದು ಮನೆ ಮನೆ ತಿರುಗಿಸಿ, ಇಷ್ಟು ದಾಖಲಾತಿ ತಂದರೆ ಮಾತ್ರ ಮುಂದಿನ ವರ್ಷ ಕೆಲಸ ಎನ್ನುವುದು ನಿಲ್ಲಬೇಕು.

37. ಶುಲ್ಕ ಕಟ್ಟದ ಮಕ್ಕಳ ಬಾಕಿಯನ್ನು ತರಗತಿ ಶಿಕ್ಷಕರಿಂದ ವಸೂಲು ಮಾಡಿಸುವುದು, ವಸೂಲಾಗದಿದ್ದರೆ ಅವರ ಸಂಬಳ ತಡೆಹಿಡಿಯುವುದು ಕೂಡದು.

38. ಸಂಘಟನೆಗೆ ಸೇರಿದ್ದಕ್ಕೆ ಅಥವಾ ಈ ಪತ್ರಕ್ಕೆ ಸಹಿ ಹಾಕಿದ್ದಕ್ಕೆ ಯಾವ ಶಿಕ್ಷಕರನ್ನೂ ಕೆಲಸದಿಂದ ತೆಗೆಯಕೂಡದು.

ಉ. ಇಲಾಖೆಯ ಹೊಣೆ

ಮಾನ್ಯತೆ ನವೀಕರಣಕ್ಕೆ ಬಂದ ಶಾಲೆಯಿಂದ ಇಲಾಖೆ ಅಗ್ನಿ ಸುರಕ್ಷತಾ ಪತ್ರ ಕೇಳುತ್ತದೆ, ಕಟ್ಟಡ ಸುರಕ್ಷತಾ ಪತ್ರ ಕೇಳುತ್ತದೆ. ಕೇಳಲೇಬೇಕು. ಆದರೆ ಸಂಬಳ ಶಿಕ್ಷಕರ ಕೈಯಲ್ಲಿ ಉಳಿಯಿತೇ ಎಂದು ಕೇಳುವುದಿಲ್ಲ. ನಾವು ಯಾರು, ಎಲ್ಲಿದ್ದೇವೆ ಎಂಬುದು ಗೊತ್ತಿಲ್ಲವೆನ್ನುವಂತೆಯೂ ಇಲ್ಲ. ಕೋವಿಡ್ ಕಾಲದಲ್ಲಿ, 2021ರಲ್ಲಿ, ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ ತಲಾ 5,000 ರೂಪಾಯಿಯ ನೆರವನ್ನು ಇದೇ ಸರ್ಕಾರಿ ವ್ಯವಸ್ಥೆ ಘೋಷಿಸಿತು. ಹೆಸರು, ಶಾಲೆ, ಬ್ಯಾಂಕ್ ಖಾತೆ ಎಲ್ಲ ಆಗ ಸಿಕ್ಕಿದ್ದವು. ವಿಧಾನ ಪರಿಷತ್ತಿನ ದಕ್ಷಿಣ ಶಿಕ್ಷಕರ ಕ್ಷೇತ್ರಕ್ಕೆ ಚುನಾವಣೆ ಬಂದಾಗಲೂ ಪ್ರೌಢಶಾಲೆಯ ನಮ್ಮ ಹೆಸರುಗಳು ಮತದಾರರ ಪಟ್ಟಿಗಾಗಿ ತಪ್ಪದೆ ಸಿಗುತ್ತವೆ. ಪರಿಹಾರಕ್ಕೂ ಮತಕ್ಕೂ ಸಿಗುವ ಪಟ್ಟಿ ಸಂಬಳಕ್ಕೂ ಸಿಗಬೇಕು.

39. ಮಾನ್ಯತೆ ನವೀಕರಣದ ಅರ್ಜಿಯೊಂದಿಗೆ ಹಿಂದಿನ 12 ತಿಂಗಳ ಬ್ಯಾಂಕ್ ವೇತನ ಪಟ್ಟಿ, ಭವಿಷ್ಯನಿಧಿ ಚಲನ್ ಮತ್ತು ಶಿಕ್ಷಕರ ಪ್ರತ್ಯೇಕ ಹೇಳಿಕೆಗಳನ್ನು ಕಡ್ಡಾಯಗೊಳಿಸಬೇಕು.

40. ಆ ಹೇಳಿಕೆಗಳನ್ನು ಆಡಳಿತ ಮಂಡಳಿಯವರ ಎದುರಿನಲ್ಲಿ ಪಡೆಯಕೂಡದು.

41. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಶಿಕ್ಷಕರ ಚುನಾಯಿತ ಪ್ರತಿನಿಧಿಗಳು ಅರ್ಧದಷ್ಟಿರುವ ಜಿಲ್ಲಾ ವೇತನ ದೂರು ಸಮಿತಿಯನ್ನು ರಚಿಸಿ, ಸಿದ್ಧಾರ್ಥನಗರದ ಜಿಲ್ಲಾಧಿಕಾರಿ ಕಚೇರಿಯಲ್ಲಿ ತಿಂಗಳಿಗೊಮ್ಮೆ ಬಹಿರಂಗ ವಿಚಾರಣೆ ನಡೆಸಬೇಕು.

42. ದೂರು ಕೊಟ್ಟವರ ಹೆಸರನ್ನು ಶಾಲೆಗೆ ತಿಳಿಸುವ ಅಧಿಕಾರಿಯ ಮೇಲೆ ಶಿಸ್ತು ಕ್ರಮ ಜರುಗಿಸಬೇಕು.

43. ಈ ಪತ್ರದ ಪ್ರತಿಯೊಂದು ಹಕ್ಕೊತ್ತಾಯಕ್ಕೂ ಒಪ್ಪಿಗೆ ಅಥವಾ ನಿರಾಕರಣೆಯನ್ನು ಕಾರಣ ಸಹಿತ, ಸಂಖ್ಯೆವಾರು, 30 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು.

ಪರಿಶೀಲನೆಯಲ್ಲಿದೆ ಎಂಬ ಒಂದು ಸಾಲಿನ ಪತ್ರವನ್ನು ನಾವು ಉತ್ತರವೆಂದು ಒಪ್ಪುವುದಿಲ್ಲ. ಮಂಜೂರಾತಿ ಆರ್ಥಿಕ ಇಲಾಖೆಯಿಂದ ಬರಬೇಕಾದಲ್ಲಿ ಕಡತ ಯಾವ ದಿನ ಅಲ್ಲಿಗೆ ಹೋಯಿತೆಂದು ತಿಳಿಸಿ. ಕಾಯ್ದೆಗೆ ತಿದ್ದುಪಡಿ ಬೇಕಾದಲ್ಲಿ ಯಾವ ಅಧಿವೇಶನದಲ್ಲಿ ಮಸೂದೆ ಬರುತ್ತದೆಂದು ತಿಳಿಸಿ. 5, 6, 15, 28, 29, 39, 40, 41 ಮತ್ತು 42ನೆಯವುಗಳಿಗೆ ಹೊಸ ಹಣವೂ ಬೇಡ, ಹೊಸ ಕಾನೂನೂ ಬೇಡ, ಆದೇಶ ಮತ್ತು ಸುತ್ತೋಲೆಗಳು ಸಾಕು.

ಮಕ್ಕಳ ತಂದೆತಾಯಿಯರಲ್ಲಿ ಒಂದು ಮಾತು: ಮುಂದಿನ ಸಲ ಶುಲ್ಕ ಕಟ್ಟುವಾಗ, ನಿಮ್ಮ ಮಗುವಿನ ತರಗತಿ ಶಿಕ್ಷಕರಿಗೆ ತಿಂಗಳಿಗೆ ಎಷ್ಟು ಕೊಡುತ್ತೀರಿ ಎಂದು ಶಾಲೆಯ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರೆದು ಕೊಡಲು ಹೇಳಿ.

ಮುಂದಿನ ಶೈಕ್ಷಣಿಕ ವರ್ಷದ ಒಪ್ಪಂದ ಪತ್ರಗಳಿಗೆ ಖಾಸಗಿ ಶಾಲೆಗಳು ಏಪ್ರಿಲ್‌ನಲ್ಲೇ ಸಹಿ ಹಾಕಿಸಿಕೊಳ್ಳುತ್ತವೆ. 2ನೇ ಹಕ್ಕೊತ್ತಾಯದ ಆದೇಶ ಅದಕ್ಕಿಂತ ಮೊದಲೇ ಹೊರಡಬೇಕು.

ಮೈಸೂರು ನಗರದ ಖಾಸಗಿ ಅನುದಾನಿತ ಮತ್ತು ಅನುದಾನರಹಿತ ಶಾಲೆಗಳ ಶಿಕ್ಷಕರು